ಸೈರನ್ ಕೂಗಿಸು, ಗೇಟು ತೆರೆ

ದ್ರಾವಾ ನದಿಯ ನಮ್ಮ ಸಣ್ಣ ಅಣೆಕಟ್ಟಿನಲ್ಲಿ ಗೇಟುಗಳನ್ನು ನಡೆಸುತ್ತಿದ್ದ ಹಳೆಯ ಪ್ರೋಗ್ರಾಮನ್ನು ಓದಿ ತಿಳಿಯುವವರು ಯಾರೂ ಉಳಿದಿರಲಿಲ್ಲ. ಆಗ ಮಾರಿಬೋರ್ ನಗರದ ವಿಶ್ವವಿದ್ಯಾಲಯದಿಂದ ಯೆಲ್ಕಾ ಬಂದಳು. ಗೇಟಿನ ಕೆಲಸಕ್ಕೆಂದೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತೇನೆ, ಅದರಲ್ಲಿ ನೀವು ಆಡುವ ಮಾತುಗಳೇ ಇರುತ್ತವೆ ಎಂದಳು.

ನಮ್ಮ ಪಾಳಿಯ ಹಿರಿಯ ಮೆತೋದ್ ನಕ್ಕ. "ಹಾಗಾದ್ರೆ ಬೈಗುಳಾನೂ ಸೇರಿಸು ಪ್ರೊಫೆಸರಮ್ಮ. ಬೈಯದೆ ನಮ್ಮ ಎರಡನೇ ಗೇಟು ಏಳೋದೇ ಇಲ್ಲ."

ಚಳಿಗಾಲವಿಡೀ ಅವಳು ನಮ್ಮ ಜೊತೆ ಕೂತು ಮಾತು ಹೆಕ್ಕಿದಳು. ಭಾಷೆ ಸಿದ್ಧವಾದ ಮೇಲೆ, ಬೇಕೆಂದೇ ಒಂದು ತಪ್ಪು ಸೇರಿಸಿದ ನಿಯಮವನ್ನು ಹಳೆಯದರಲ್ಲೂ ಹೊಸದರಲ್ಲೂ ಬರೆದು ಕೊಟ್ಟಳು. ಹಳೆಯದರ ಮುಂದೆ ಮೆತೋದ್ ತಲೆ ಕೆರೆದುಕೊಂಡ. ಹೊಸದರಲ್ಲಿ ಕಾಫಿ ಆರುವುದರೊಳಗೆ ತಪ್ಪು ಹಿಡಿದ. ಆ ಸಂಜೆ ಹೆಂಡತಿಗೆ, ನಾನೂ ಪ್ರೋಗ್ರಾಮು ಓದಿದೆ ಎಂದು ಹೇಳಿಕೊಂಡನಂತೆ. ಮುಂದೆ ಎಲ್ಲ ನಿಯಮಗಳನ್ನೂ ಅವನೇ ಓದಿ ಒಪ್ಪಿದ. ಅವುಗಳಲ್ಲಿ ಒಂದು ಹೀಗಿತ್ತು: ನೀರು ಗುರುತು ದಾಟಿದರೆ, ಸೈರನ್ ಕೂಗಿಸು, ಗೇಟು ತೆರೆ.

ಮೇ ತಿಂಗಳಲ್ಲಿ, ನದಿ ಇಳಿದು ಬರುವ ಆಸ್ಟ್ರಿಯಾದಲ್ಲಿ ಹಿಮ ಕರಗಿ ನೀರು ಏರಿತು. ಸೈರನ್ ಕೂಗಿತು. ಅದೇ ಕ್ಷಣ ಗೇಟೂ ಎದ್ದಿತು. ಕೆಳಗೆ ನದಿಪಾತ್ರದ ಜಲ್ಲಿದಿಬ್ಬದ ಮೇಲೆ ನಿವೃತ್ತ ಅಂಚೆಯವ ಲುಡ್ವಿಕ್ ಗಾಳ ಹಾಕಿ ಕೂತಿದ್ದ. ಸೈರನ್ ಕೇಳಿ ಎಂದಿನ ಹಾಗೆ ಆರಾಮವಾಗಿ ದಾರ ಸುತ್ತತೊಡಗಿದ್ದನ್ನು ಆಚೆ ದಡದವರು ನೋಡಿದ್ದಾರೆ. ಅವನ ಹೆಣ ಮುಂದಿನ ಅಣೆಕಟ್ಟಿನ ಕಸ ತಡೆಯುವ ಸರಳುಗಳಿಗೆ ಸಿಕ್ಕಿತ್ತು.

ಯೆಲ್ಕಾಳ ಭಾಷೆಯಲ್ಲಿ ಒಂದು ಷರತ್ತಿನ ಕೆಳಗಿನ ಕೆಲಸಗಳೆಲ್ಲ ಒಟ್ಟಿಗೇ ಶುರುವಾಗುತ್ತವೆ. ನಾವಾದರೋ ಕೈಯಾರೆ ನಡೆಸಬೇಕಾದಾಗ ಸೈರನ್ ಕೂಗಿಸಿ, ಕಾದು, ಕೆಳಗೆ ಇಣುಕಿ ನೋಡಿ, ಆಮೇಲಷ್ಟೇ ಗೇಟು ತೆರೆಯುತ್ತಿದ್ದವರು. ಕಾಯುವುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವಳು ಮೆತೋದ್‌ನ ಮನೆಗೆ ಹೋದಾಗ ನಾನೂ ಅಲ್ಲಿದ್ದೆ. ಅವನ ಹೆಂಡತಿ ಬ್ರೆಡ್ಡು, ಸೂಪು ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

"ನಿಮಗೆ ಅರ್ಥ ಆಗಿದೆ ಅಂದ್ಕೊಂಡಿದ್ದೆ," ಎಂದಳು ಯೆಲ್ಕಾ.

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದ ಮೆತೋದ್. "ಹಳೇದಾಗಿದ್ರೆ ಸಾಲುಸಾಲಿಗೂ ಇದೇನು ಅಂತ ಕೇಳ್ತಿದ್ದೆ. ಇದರಲ್ಲಿ ಕೇಳೋಕೇನಿತ್ತು? ನಮ್ಮ ಮಾತೇ ಅಲ್ವಾ."

"ಸೈರನ್ ಆದ್ಮೇಲೆ ಏನ್ಮಾಡ್ತೀರಿ ಅಂತ ನಾನು ಕೇಳ್ಬೇಕಿತ್ತು."

"ಕೇಳಿದ್ರೂ ಗೇಟು ತೆರೀತೀವಿ ಅಂತಾನೇ ಅಂತಿದ್ದೆ."

ಆಮೇಲೊಂದು ದಿನ ಅವಳು ಆ ನಿಯಮಕ್ಕೆ ಕಾಯುವ ಸಾಲು ಸೇರಿಸಿ ತಂದಳು. ಮೆತೋದ್ ಕಾಗದ ಮುಟ್ಟಲಿಲ್ಲ. "ಓದಲ್ಲ. ನಾನು ಕೆಳಗೆ ನಿಲ್ತೀನಿ. ನೀನು ನಡೆಸು."

ಮೇಲಧಿಕಾರಿಗಳು ಬೇಡವೆಂದರು. ಅವನು ಕೇಳಲಿಲ್ಲ, ಲುಡ್ವಿಕ್ ಕೂತಿದ್ದಲ್ಲೇ ಹೋಗಿ ನಿಂತ. ಕಂಟ್ರೋಲ್ ರೂಮಿನಲ್ಲಿ ಯೆಲ್ಕಾ ಗೇಟು ನಿಲ್ಲಿಸುವ ತುರ್ತು ಗುಂಡಿಯ ಮೇಲೆ ಕೈಯಿಟ್ಟುಕೊಂಡು ನನ್ನ ಪಕ್ಕದಲ್ಲಿದ್ದಳು. ಸೈರನ್ ಕೂಗಿತು. ಅವನು ಅಲುಗಲಿಲ್ಲ. "ಹತ್ತಿ ಬನ್ನಿ," ಎಂದು ಗಾಜಿನೊಳಗಿಂದಲೇ ಗೊಣಗುತ್ತಿದ್ದಳು. ಕಡೆಗೆ ಅವನು ಮುದುಕನ ಹೆಜ್ಜೆಯಲ್ಲಿ ಮೇಲಿನ ದಾರಿ ಸೇರಿದ. ಆಮೇಲೆ ನೀರು ಬಂತು.

ಒಳಗೆ ಬಂದವನು "ಸರಿ ಇದೆ" ಎಂದಷ್ಟೇ ಹೇಳಿ ಕೋಟು ತೆಗೆದುಕೊಂಡು ಹೊರಟ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಲುಡ್ವಿಕ್‌ನ ಹೆಂಡತಿ ಎದುರಾದರೆ ರಸ್ತೆ ದಾಟಿ ಆಚೆ ಹೋಗುತ್ತಾನೆ.

ಗೇಟುಗಳು ಈಗಲೂ ಯೆಲ್ಕಾಳ ಭಾಷೆಯಲ್ಲೇ ನಡೆಯುತ್ತಿವೆ. ಹೊಸದಾಗಿ ಸೇರಿದವರು ನಿಯಮಗಳನ್ನು ಓದಿ, ಎಷ್ಟು ಸುಲಭವಾಗಿದೆ ಎನ್ನುತ್ತಾರೆ.