ತೊಟ್ಟಿಲ ಹಿಂದಿನ ಬಂಡಿ

ಮೊದಲ ಸಲ ತಾಗಿದಾಗ ಸುಮ್ಮನಿದ್ದೆ. ಎರಡನೆಯ ಸಲ ಉಮರಸಾಬನ ಎತ್ತಿನ ಕೋಡು ನನ್ನ ಬಂಡಿಯ ಹಿಂಬದಿಗೆ ಬಡಿದಾಗ, ಮಗಳು ಪಂಪಮ್ಮನ ತೊಡೆಯ ಮೇಲಿದ್ದ ಕೂಸು ಬೆಚ್ಚಿ ಅತ್ತಿತು.

ಬಾಣಂತನ ಮುಗಿಸಿ ಅವಳನ್ನು ಯಲಬುರ್ಗಿ ಕಡೆಯ ಮಂಗಳೂರಿಗೆ, ಗಂಡನ ಮನೆಗೆ ಬಿಡಲು ಹೊರಟಿದ್ದೆವು. ಕಿನ್ನಾಳದಲ್ಲಿ ಬಣ್ಣ ಬರೆಸಿದ ತೊಟ್ಟಿಲನ್ನು ಬಂಡಿಯ ಹಿಂದೆ ಕಟ್ಟಿದ್ದೆ. ಅದಕ್ಕೆ ಪೆಟ್ಟಾದರೆ ಬೀಗರ ಮನೆಯಲ್ಲಿ ಮಗಳು ವರ್ಷಗಟ್ಟಲೆ ಮಾತು ಕೇಳಬೇಕು.

ಸಾಮಾನು ಹೇರಿದ ಹಿಂದಿನ ಬಂಡಿ ಉಮರಸಾಬನದು. ಹೋದ ವರ್ಷ ಕುಷ್ಟಗಿ ಸಂತೆಯಲ್ಲಿ ಅವನು ಕಣ್ಣಿಟ್ಟಿದ್ದ ಎತ್ತನ್ನು ನಾನು ಹೆಚ್ಚು ಬೆಲೆ ಕೊಟ್ಟು ಹೊಡೆದುಕೊಂಡು ಬಂದಿದ್ದೆ. ಆಮೇಲೂ ಅವನು ನಗುನಗುತ್ತಲೇ ಮಾತಾಡುತ್ತಿದ್ದ. ಆ ನಗುವೇ ನನಗೆ ಅನುಮಾನ.

"ಏ ಉಮರಸಾಬ, ನಾಕ ಮಾರು ಹಿಂದ ಇರೋ!"

"ಹಗ್ಗ ಜಗ್ಗಿ ಜಗ್ಗಿ ಅಂಗೈ ಕಿತ್ತೈತಿ, ಅಂದಪ್ಪಣ್ಣ. ಇವು ನನ್ನ ಮಾತ ಕೇಳವಲ್ವು."

"ಇಷ್ಟ ವರ್ಷ ಕೇಳ್ತಿದ್ವು. ಇವತ್ತ ಕಿವಿ ಹೋದ್ವೇನು?"

"ನಿನ್ನ ಎತ್ತಿನ ಚಂದ ನೋಡಾಕ ಓಡ್ತಾವ ನೋಡು!" ನಕ್ಕ.

ಎತ್ತಿನ ಮಾತು ತೆಗೆದನಲ್ಲ! ನನಗೆ ಖಾತ್ರಿಯಾಯಿತು.

ದಿನ್ನೆ ಇಳಿಯುವಾಗ ಎದುರಿನಿಂದ ಇದ್ದಿಲು ಉರಿಸಿ ಓಡಿಸುವ ಮೋಟಾರು ಬಸ್ಸು ಹೊಗೆ ಕಾರುತ್ತ ಬಂತು. ನನ್ನ ಎತ್ತುಗಳು ಬೆದರಿ ಗಕ್ಕನೆ ನಿಂತವು. ಹಿಂದೆ ಲಟಕ್ಕೆಂದಿತು. ಪಂಪಮ್ಮ ಕೂಸನ್ನು ಅವುಚಿಕೊಂಡು ಮುಗ್ಗರಿಸಿದಳು.

ಬಾರಕೋಲು ಹಿಡಿದೇ ಕೆಳಗೆ ಹಾರಿದೆ. ತೊಟ್ಟಿಲ ಮೇಲಿನ ಗಿಳಿಯ ಕೊಕ್ಕು ಮುರಿದಿತ್ತು.

"ಬೇಕಂತನ ಮಾಡೀದಿ! ಸಂತಿ ಸಿಟ್ಟ ನನ್ನ ಮಗಳ ಮ್ಯಾಲ ತೀರಿಸ್ಕೊಂತಿ?"

ಉಮರಸಾಬನ ನಗು ಆರಿತು. "ಕೂಸಿನ ಮ್ಯಾಲ ಹಗೆ ಸಾಧಸ್ತೀನೇನಣ್ಣ ನಾನು?"

"ಅಪ್ಪಾ, ಅಲ್ಲಿ ನೋಡು," ಎಂದಳು ಪಂಪಮ್ಮ.

ಅವನ ಎತ್ತು ತೊಟ್ಟಿಲೊಳಗೆ ಮೂತಿ ತೂರಿಸಿ ಮೆಲ್ಲುತ್ತಿತ್ತು. ಬಣ್ಣ ಕೆಡದಿರಲೆಂದು ತೊಟ್ಟಿಲ ತುಂಬ ಶೇಂಗಾ ಹೊಟ್ಟು ತುರುಕಿದವನು ನಾನೇ. ದಾರಿಯುದ್ದಕ್ಕೂ ಆ ಮೇವನ್ನು ಅವುಗಳ ಮೂಗಿನ ಮುಂದೆ ತೂಗಿಸಿಕೊಂಡು ಬಂದಿದ್ದೆ.

ಉಮರಸಾಬ ಬಂಡಿಯಿಂದ ಇಳಿದು ಬಂದ. ಹೊಟ್ಟನ್ನೆಲ್ಲ ಕಿತ್ತು ಎತ್ತುಗಳ ಮುಂದೆ ಹಾಕಿ, ತನ್ನ ಕಂಬಳಿಯನ್ನು ತೊಟ್ಟಿಲಿಗೆ ಸುತ್ತಿದ. ಕೊಕ್ಕಿನ ಚೂರು ಹುಡುಕಿ ನನ್ನ ಕೈಗಿಟ್ಟ.

"ಅಂಟ ಹಚ್ಚಿದ್ರ ಕೂಡ್ತೈತಿ. ಬೀಗರು ಕೇಳಿದ್ರ ನನ್ನ ಎತ್ತ ಮುರೀತು ಅಂತ ಹೇಳು."

ಆ ಚೂರನ್ನು ಧೋತರದ ಅಂಚಿಗೆ ಗಂಟು ಹಾಕಿಕೊಂಡೆ.

ಮತ್ತೆ ಹೊರಟೆವು. ತುಸು ದೂರ ಹೋಗಿ ತಿರುಗಿ ನೋಡಿದರೆ ಅವನ ಬಂಡಿ ಒಂದು ಹೊಲದಷ್ಟು ಹಿಂದೆ, ಧೂಳಿನಲ್ಲಿ ಕಂಡೂ ಕಾಣದಂತಿತ್ತು. ಮಗಳ ಟ್ರಂಕು ಆ ಬಂಡಿಯಲ್ಲೇ ಇತ್ತು.

"ಇಷ್ಟ ಹಿಂದ ಯಾಕ ಉಳದಾನ ಇವ?"

"ಹಿಂದ ಇರು ಅಂತ ನೀನ ಹೇಳಿದ್ದಲ್ಲಪ್ಪಾ?" ಪಂಪಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

ಬಂಡಿ ನಿಲ್ಲಿಸಿದೆ. ಅವನ ಎತ್ತುಗಳ ಗೆಜ್ಜೆ ಹತ್ತಿರ ಕೇಳಿಸುವವರೆಗೆ ಹೊರಡಲಿಲ್ಲ.