ಹುಣಸೆ ರೇಟು ನೋಡುವವರು

ಸ್ಮಾರ್ಟ್‌ಫೋನ್‌ಗಳು ಆಗಷ್ಟೇ ಬಂದಿದ್ದ ಕಾಲದಲ್ಲಿ ಆಂಧ್ರದ ಹಿಂದೂಪುರದ ಮುರಳಿಕೃಷ್ಣ ಹುಣಸೆಹಣ್ಣಿನ ರೇಟು ತೋರಿಸುವ ಆ್ಯಪ್ ಬರೆದಿದ್ದ. ಆ ಫೋನ್‌ಗಳ ಮೆಮೊರಿ ತೀರಾ ಕಡಿಮೆ. ಚಿತ್ರ, ಸದ್ದು ಎಲ್ಲವನ್ನೂ ಕಿತ್ತುಹಾಕಿ ಕನ್ನಡ ಅಕ್ಷರಗಳನ್ನಷ್ಟೇ ಹೇಗೋ ಉಳಿಸಿಕೊಂಡಿದ್ದ. ಬರಬರುತ್ತಾ ಎಲ್ಲರೂ ದೊಡ್ಡ ಫೋನ್ ಕೊಂಡು ಅದನ್ನು ಮರೆತರು. ಒಂದು ನಂಬರಿನಿಂದ ಮಾತ್ರ ಯಾರೋ ದಿನಾ ತೆರೆಯುತ್ತಿದ್ದುದು ಅವನ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಆ ಒಬ್ಬರಿಗಾಗಿ ಅವನು ಬೆಳಿಗ್ಗೆ ಎದ್ದು ರೇಟು ಹಾಕುತ್ತಿದ್ದ. ಒಂಟಿ ಕೋಣೆಯಲ್ಲಿ ಎದ್ದೇಳಲು ಅವನಿಗೆ ಬೇರೆ ಕಾರಣವೂ ಇರಲಿಲ್ಲ.

ಕೊನೆಗೆ ಆ ನಂಬರಿಗೆ ಫೋನ್ ಮಾಡಿ, ಆ್ಯಪ್ ಕಡೆಯವನು ಎಂದಷ್ಟೇ ಹೇಳಿ, ವಿಳಾಸ ಕೇಳಿಕೊಂಡು, ಕಲ್ಯಾಣದುರ್ಗದ ಬಸ್ಸು ಹತ್ತಿದ. ಬಾಗಿಲು ತೆರೆದದ್ದು ಬಟ್ಟೆ ಹೊಲಿಯುವ ಬೀರಕ್ಕ.

"ಹುಣಸೆ ವ್ಯಾಪಾರ ಮಾಡ್ತೀರಾ ಅಕ್ಕಾ?"

"ಇಲ್ಲ ಕಣಪ್ಪ. ನಮ್ಮ್ ಬೀದಿನಾಗೆ ಎಲ್ಲಾ ತೆಲುಗೇ. ನಮ್ಮ ಯಜಮಾನ್ರು ಹೋದ್ಮೇಲೆ ಮನೇಲಿ ಕನ್ನಡ ಆಡೋರೇ ಇಲ್ಲ. ಇದ್ರಾಗೆ ಯಾರೋ ದಿನಾ ಕನ್ನಡದಾಗೆ ಬರೀತಾವ್ರಲ್ಲ, ಅಂತ ನೋಡ್ತೀನಿ."

ಕಾಫಿ ಕುಡಿದು ವಾಪಸ್ಸು ಬಂದ.

ಮರುದಿನ ರೇಟಿನ ಕೆಳಗೆ "ಅಕ್ಕಾ, ತಿಂಡಿ ಆಯ್ತಾ?" ಎಂದು ಸೇರಿಸಹೋದರೆ ಅವಳ ಹಳೇ ಫೋನಿನ ಮೆಮೊರಿಯಲ್ಲಿ ಜಾಗ ಸಾಲಲಿಲ್ಲ. ಮೊದಲ ಪುಟದಲ್ಲಿದ್ದ ತನ್ನ ಹೆಸರನ್ನೇ ಅಳಿಸಿದ. ಆ ಸಾಲಿಗೆ ಜಾಗವಾಯಿತು. ಅವಳು ಅದನ್ನು ತೆರೆಯುವವರೆಗೂ ಕಂಪ್ಯೂಟರಿನ ಮುಂದೆಯೇ ಕೂತಿದ್ದ.