ಬಸವಣ್ಣನ ಬೆನ್ನು

"ಎಲ್ಲಾ ಐತೆ, ನಮ್ಮಪ್ಪನೇ ಇಲ್ವಲ್ಲೋ," ಎಂದು ಪೂಜಾರಿ ದೇವೀರಪ್ಪ ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಗ್ಗಿದರು.

ಹೆತ್ತೂರಿನಾಚೆಯ ಆ ಗುಡಿಯ ಕಂಬ, ಗೋಡೆಯ ಬಿರುಕು, ಮೂಲೆಯ ಪೊರಕೆ ಸಹಿತ ಎಲ್ಲವೂ ತೆರೆಯ ಮೇಲಿತ್ತು. ಬಸವಣ್ಣನಿದ್ದಲ್ಲಿ ಮಾತ್ರ ಕಪ್ಪು ತೂತು. ನಲವತ್ತು ವರ್ಷ ಎಣ್ಣೆ ಹಚ್ಚಿ ಹಚ್ಚಿ ಕಲ್ಲನ್ನು ಮಿಂಚಿಸಿದವರು ದೇವೀರಪ್ಪನವರೇ. ಆ ಹೊಳಪಿನ ಮೇಲೆ ಸ್ಕ್ಯಾನರಿನ ಬೆಳಕು ನಿಲ್ಲುತ್ತಿರಲಿಲ್ಲ, ಯಂತ್ರಕ್ಕೆ ಕಲ್ಲೇ ಕಾಣುತ್ತಿರಲಿಲ್ಲ. ಭಕ್ತಿ ಹೆಚ್ಚಾದರೂ ಕಷ್ಟ ನೋಡಿ.

ಗುಡಿಯ ಹಿಂದಿನ ಗುಡ್ಡ ಹೋದ ಮಳೆಗಾಲದಲ್ಲೇ ಬಾಯಿಬಿಟ್ಟಿತ್ತು. ಈ ಸಲ ಕುಸಿದರೆ ಬಸವಣ್ಣ ಮಣ್ಣಿನಡಿ ಸೇರುವುದೇ. ರೂಪವಾದರೂ ಕಂಪ್ಯೂಟರಿನಲ್ಲಿ ಉಳಿಯಲಿ ಎಂದು ಇಂಜಿನಿಯರ್ ಚಂದನ್ ಸ್ಕ್ಯಾನರ್ ಹೊತ್ತು ಬಂದಿದ್ದ. ಸಂಜೆಗೆ ಹೊರಡಬೇಕಿತ್ತು.

"ಒಂದು ಬಿಳಿ ಸ್ಪ್ರೇ ಇದೆ ಅಜ್ಜ. ಹೊಳಪು ಮುಚ್ಚುತ್ತೆ."

"ದೇವ್ರಿಗೆ ಔಷ್ದಿ ಹೊಡಿಯಕ್ಕೆ ಅದೇನು ಕಾಫಿ ಗಿಡವಾ?"

ಹೊಸ್ತಿಲಾಚೆ ಕೂತಿದ್ದ ಅವರ ಹೆಂಡತಿ ನಾಗರತ್ನಮ್ಮ ಕೇಳಿದರು. "ಬೆಳ್ಳಗಿದ್ರೆ ಸಾಕಾ ಮಗ? ವಿಭೂತಿ ಆಗಲ್ವಾ?"

ಸಗಣಿ ಸುಟ್ಟು, ಸೋಸಿ, ಈ ಗುಡಿಗೆ ವಿಭೂತಿ ಮಾಡುತ್ತಿದ್ದವರು ಅವರೇ. ಹೆಂಗಸರು ಹೊಸ್ತಿಲು ದಾಟಬಾರದೆಂಬುದು ಅಲ್ಲಿನ ಕಟ್ಟಳೆ. ನಿನ್ನೆ ಬಂದ ಚಂದನ್ ಒಳಗೆ ಓಡಾಡುತ್ತಿದ್ದ, ನಾಗರತ್ನಮ್ಮ ಮದುವೆಯಾಗಿ ಬಂದಾಗಿನಿಂದ ಹೊರಗೇ.

ದೇವೀರಪ್ಪ ಬಸವಣ್ಣನ ಹಣೆಗೆ ವಿಭೂತಿ ಬಳಿದರು. ಯಂತ್ರ ಒಂದು ಸುತ್ತು ತಿರುಗಿತು. ತೂತಿನೊಳಗೆ ಹಣೆಯಷ್ಟೇ ಮೂಡಿತು. ಮುದುಕರು ಮತ್ತೆ ಹಿಡಿ ತುಂಬ ವಿಭೂತಿ ತೆಗೆದುಕೊಂಡರು. ಸಡಗರದಿಂದ ಮುಖ, ಕೊರಳು, ಮಡಿಸಿದ ಕಾಲಿಗೆಲ್ಲ ಬಳಿದರು. ಬೆನ್ನ ಮೇಲಿನ ಹಿಣಿಲು, ಆ ಎತ್ತರದ ಡುಬ್ಬ, ಎಟುಕಲಿಲ್ಲ. ವರ್ಷದಿಂದ ಅವರ ಬಲಗೈ ಹೆಗಲಿಗಿಂತ ಮೇಲೇಳುತ್ತಿರಲಿಲ್ಲ, ಎಡಗೈಯಲ್ಲಿ ದೇವರನ್ನು ಮುಟ್ಟುವಂತಿರಲಿಲ್ಲ.

"ನಾನು ಬಳೀಲಾ ಅಜ್ಜ?" ಎಂದ ಚಂದನ್.

ದೇವೀರಪ್ಪ ಅವನನ್ನು ನೋಡಿದರು. ಆಮೇಲೆ ಹೊಸ್ತಿಲ ಕಡೆ ತಿರುಗಿದರು.

"ಒಳಕ್ಕೆ ಬಾರೇ."

"ನಾನಾ? ಕಟ್ಟಳೆ ಐತಲ್ಲ."

"ಪೂಜಾರಿ ನಾನು ಕಣೇ. ಬಾ."

ನಾಗರತ್ನಮ್ಮ ಕಾಲು ತೊಳೆದು, ಸೆರಗು ಸಿಕ್ಕಿಸಿ ಬಂದರು. ಹಿಡಿ ವಿಭೂತಿ ತೆಗೆದು ಹಿಣಿಲಿನ ಮೇಲಿಟ್ಟ ಕೈ ಅಲ್ಲೇ ನಿಂತಿತು.

"ತಣ್ಣಗವ್ನೆ ಕಣ್ರೀ," ಎಂದರು.

ಎಷ್ಟೋ ಹೊತ್ತು ಸವರಿದರು. ಹಿಣಿಲು ಬೆಳ್ಳಗಾಗಿ ಆಗಲೇ ಮುಗಿದಿತ್ತು. ಚಂದನ್ ಗಡಿಯಾರ ನೋಡಿಕೊಂಡ.

"ಅಜ್ಜ, ಎಲ್ಲರೂ ಹೊರಗೆ ಬಂದ್ರೆ ಶುರು ಮಾಡಬಹುದು."

ದೇವೀರಪ್ಪ ದನಿ ತಗ್ಗಿಸಿದರು. "ವಸಿ ತಡಿಯಪ್ಪ. ಅವಳು ಈಗಿನ್ನೂ ಬಂದವ್ಳೆ."

ಚಂದನ್ ಯಂತ್ರದ ಮೇಲಿಂದ ಕೈ ತೆಗೆದ. ನಾಗರತ್ನಮ್ಮ ಬಸವಣ್ಣನ ಕಿವಿಯ ಹಿಂದೆ, ಗಂಡ ಬಳಿಯದೆ ಬಿಟ್ಟಿದ್ದ ಸಂದಿಗೆ, ಒಂದು ಬೆರಳಿನಲ್ಲಿ ವಿಭೂತಿ ತುಂಬುತ್ತಿದ್ದರು.